ಕೊಡತಿ ನಿಲ್ಲದ ಬೆಳಗು

ಆ ದಿನ ತನ್ನ ಕೊರಳಿಗೆ ಹೂವಿನ ಹಾರ ಹಾಕಿದ ಕೈಗಳನ್ನು ಲಿಸಿಯಾಟೆ ಇವತ್ತಿಗೂ ಕ್ಷಮಿಸಿಲ್ಲ. ಕೈಗಳು ತೊವಾಕಾಸೆಯವು. ಪಕ್ಕದ ಮನೆಯವಳು, ಅವನ ಅಕ್ಕ ಲೂಪೆಯ ಜೀವದ ಗೆಳತಿ. ಹಾರ ಹಾಕಿದ್ದಷ್ಟೇ ಅಲ್ಲ, ಹೂವು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಹಿಂದೆ ಸರಿದು ನೋಡಿ, ಎಡಗಡೆ ಒಂಚೂರು ಜಗ್ಗಿ ಸರಿಮಾಡಿದಳು ಕೂಡ. "ಈಗ ನೋಡು, ಮದುವೆ ಗಂಡಿನ ಹಾಗಿದೀಯ" ಅಂದಳು. ಅಷ್ಟು ಹೊತ್ತಿಗೆ ಲೂಪೆಯ ಉಸಿರು ನಿಂತು ಮೈ ತಣ್ಣಗಾಗಿತ್ತು. ಅದು ತೊವಾಕಾಸೆಗೆ ಗೊತ್ತಿತ್ತು. ಅದೇ ಕೈಗಳಿಂದ ಲೂಪೆಯ ಕಣ್ಣು ಮುಚ್ಚಿಸಿ ಹೊರಗೆ ಬಂದಿದ್ದಳು.

ಹೋಗಲಿ ಬಿಡು, ಮರೆತುಬಿಡು ಎನ್ನುವವರು ಟೊಂಗಾ ದ್ವೀಪದ ಅವರ ಊರು ಹೌಮಾತಾದಲ್ಲಿ ಬೇಕಾದಷ್ಟು ಜನ ಇದ್ದಾರೆ. ತಮ್ಮ ಅಕ್ಕ ಸತ್ತುಬಿದ್ದ ದಿನ ಅವರು ಹಾರ ಹಾಕಿಕೊಂಡು ಕುಣಿದು ಬರಲಿ. ಆಮೇಲೆ ಮರೆಯುವ ಮಾತಾಡೋಣ.

ಲಿಸಿಯಾಟೆಯ ಸಿಟ್ಟನ್ನು ತಿಳಿಯದ ನಾಯಿ ಕೂಡ ಆ ಊರಿನಲ್ಲಿಲ್ಲ. ಚಿಕ್ಕಂದಿನಲ್ಲಿ ಮೇಷ್ಟ್ರ ಬೆತ್ತವನ್ನು ಕಿತ್ತು ಸಮುದ್ರಕ್ಕೆಸೆದು ಬಂದವನು ಮತ್ತೆ ಶಾಲೆಯ ಕಡೆ ತಲೆಹಾಕಲಿಲ್ಲ. ದೊಡ್ಡವನಾದ ಮೇಲೆ, ಪ್ರಾರ್ಥನೆಯ ಹಾಡನ್ನು ಸ್ವಲ್ಪ ಮೆಲ್ಲಗೆ ಹಾಡು ಎಂದ ಪಾದ್ರಿಯ ಮೈಕನ್ನು ತಂತಿಸಮೇತ ಕಿತ್ತುಕೊಂಡು ಹೋಗಿ ಹಲಸಿನ ಜಾತಿಯ ಬ್ರೆಡ್‌ಫ್ರೂಟ್ ಮರದ ತುದಿಗೆ ನೇತುಹಾಕಿದ. ಅದನ್ನು ಇಳಿಸಲು ಮತ್ತೆ ಅವನನ್ನೇ ಕರೆಯಬೇಕಾಯಿತು, ಅಷ್ಟು ಮೇಲೆ ಹತ್ತುವವರು ಬೇರೆ ಯಾರೂ ಇರಲಿಲ್ಲ.

ಇಂಥವನು ಲೂಪೆಯ ಎದುರು ಮಾತ್ರ ಕೈಕಟ್ಟಿದ ಹುಡುಗ. ಟೊಂಗಾದಲ್ಲಿ ಅಕ್ಕತಂಗಿಯರ ಸ್ಥಾನ ಅಣ್ಣತಮ್ಮಂದಿರಿಗಿಂತ ಮೇಲೆ. ಮೀಸೆ ಚಿಗುರಿದ ಹುಡುಗ ಬೇರೆ ಗುಡಿಸಲಿನಲ್ಲಿ ಮಲಗಬೇಕು. ಅಕ್ಕನ ಕೋಣೆಯ ಹೊಸ್ತಿಲು ತುಳಿಯಬಾರದು, ಅವಳ ಚಾಪೆಯ ಮೇಲೆ ಕೂರಬಾರದು, ಅವಳ ಕಿವಿಗೆ ಬೀಳುವಂತೆ ಪೋಲಿ ಮಾತಾಡಬಾರದು. ಹೊಲದ ಮೊದಲ ಗೆಣಸು ಅವಳಿಗೆ, ಹಂದಿ ಕೊಯ್ದರೆ ಒಳ್ಳೆಯ ತುಂಡು ಅವಳಿಗೆ. ಲಿಸಿಯಾಟೆ ಇದನ್ನೆಲ್ಲ ಕಟ್ಟುಪಾಡು ಎಂದು ಹೊರಲಿಲ್ಲ, ಆಸೆಯಿಂದ ಹೊತ್ತ. ಒಮ್ಮೆ ಹೊಲದ ಬೇಲಿಯ ಜಗಳದಲ್ಲಿ ಎದುರಾಳಿಯ ತಲೆಯ ಮೇಲೆ ಕಲ್ಲೆತ್ತಿ ನಿಂತಿದ್ದ. ಯಾರೋ ಓಡಿಹೋಗಿ ಲೂಪೆಯನ್ನು ಕರೆತಂದರು. ಅವಳು ಬೈಯಲಿಲ್ಲ, ಹತ್ತಿರವೂ ಬರಲಿಲ್ಲ. ಮರ್ಯಾದೆಗೆಂದು ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿದ್ದ ಚಾಪೆ ಬಿಗಿ ಮಾಡಿಕೊಂಡು ದೂರದಲ್ಲಿ ನಿಂತು ಸುಮ್ಮನೆ ನೋಡಿದಳು. ಲಿಸಿಯಾಟೆ ಕಲ್ಲನ್ನು ಮೊಟ್ಟೆ ಇಡುವ ಹಾಗೆ ಮೆಲ್ಲಗೆ ನೆಲಕ್ಕಿಟ್ಟ.

ಲೂಪೆಯ ಬದುಕೆಂದರೆ ನಾರುಬಟ್ಟೆ. ಕಾಗದದ ಹಿಪ್ಪುನೇರಳೆ ಎಂಬ ಗಿಡದ ತೊಗಟೆ ಸುಲಿದು, ಒಳನಾರನ್ನು ನೆನೆಸಿ, ದಿಮ್ಮಿಯ ಮೇಲಿಟ್ಟು ಕೊಡತಿಯಿಂದ ಬಡಿದು ಬಡಿದು ಅಂಗೈಯಗಲದ ಪಟ್ಟಿಯನ್ನು ಮೊಳದಗಲ ಮಾಡುವುದು. ಪಟ್ಟಿಗೆ ಪಟ್ಟಿ ಅಂಟಿಸಿ, ಮರದ ರಸದಿಂದ ಕಂದು ಬಣ್ಣ ಬಳಿದು, ಕಪ್ಪಿನಲ್ಲಿ ಚಿತ್ರ ಬರೆಯುವುದು. ಹುಟ್ಟಿದ ಕೂಸನ್ನು ಸುತ್ತುವುದೂ ಆ ಬಟ್ಟೆಯಲ್ಲೇ, ಮದುವೆಗೆ ಹಾಸುವುದೂ ಅದನ್ನೇ, ಹೆಣದ ಜೊತೆ ಮಣ್ಣಿಗೆ ಹೋಗುವುದೂ ಅದೇ. ಲೂಪೆಯ ಗಂಡ ಹಣ್ಣು ಕೀಳುವ ಕೆಲಸಕ್ಕೆಂದು ನ್ಯೂಜಿಲೆಂಡಿಗೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ನಿಂತುಬಿಟ್ಟ. ಯಾರಾದರೂ ಕೇಳಿದರೆ, "ತೋಟದ ಮರಕ್ಕೆ ಬೇರುಬಿಟ್ಟಿದಾನೆ, ಕಿತ್ತರೆ ಒಣಗ್ತಾನೆ" ಎಂದು ನಗುತ್ತಿದ್ದಳು. ಮಕ್ಕಳಿರಲಿಲ್ಲ. ಲಿಸಿಯಾಟೆಯ ಹೆಂಡತಿ ಬಾಣಂತಿತನದಲ್ಲೇ ತೀರಿಕೊಂಡಾಗ ಲೂಪೆ ಬಂದು ಅಂಗಳದಲ್ಲಿ ನಿಂತು, "ಕೂಸನ್ನ ಕೊಡು" ಎಂದಳು. ಅವನು ಕೊಟ್ಟ. ಆ ಕೂಸೇ ಹಿಂಗಾನೊ. ಸೋದರತ್ತೆಯ ದಿಮ್ಮಿಯ ಪಕ್ಕದಲ್ಲೇ ತೆವಳಿ, ನಡೆದು, ಕೊಡತಿ ಹಿಡಿದು ಬೆಳೆದಳು.

ಆ ಬಡಿತವೇ ಊರಿನ ಗಡಿಯಾರ. ಬೆಳಗಾದರೆ, ಊರಿನ ಹೆಂಗಸರು ಒಟ್ಟಿಗೆ ಕೂತು ಬಟ್ಟೆ ಬಡಿಯುವ ಚಾವಡಿಯಿಂದ ಟಕ್ ಟಕ್ ಎಂದು ಏಳುತ್ತದೆ, ಊಟದ ಹೊತ್ತಿಗೆ ತೆಳ್ಳಗಾಗುತ್ತದೆ. ಆದರೆ ಊರಿನಲ್ಲಿ ಸಾವಾದರೆ ಕೊಡತಿ ಏಳಬಾರದು. ಮಣ್ಣು ಮಾಡಿ ಹತ್ತನೆಯ ದಿನ ಕಳೆಯುವವರೆಗೆ ಒಂದೇ ಒಂದು ಏಟು ಕೇಳಬಾರದು. ಸತ್ತವರಿಗೆ ಊರು ಕೊಡುವ ಮರ್ಯಾದೆ ಅದು. ಹಾಗಾಗಿ ಹೊಲದಲ್ಲಿದ್ದವನಿಗೆ ಯಾರೂ ಸುದ್ದಿ ಮುಟ್ಟಿಸಬೇಕಾಗಿಲ್ಲ. ಕೊಡತಿ ಕೇಳುತ್ತಿದೆಯೇ? ಊರಿನಲ್ಲಿ ಎಲ್ಲರೂ ಇದ್ದಾರೆ. ಕೇಳುತ್ತಿಲ್ಲವೇ? ಗುದ್ದಲಿ ಬಿಟ್ಟು ಮನೆಗೆ ಹೊರಡು.

ಅಂಥ ಊರಿಗೆ ಪ್ರವಾಸಿಗಳ ಬಸ್ಸು ಬರಲು ಶುರುವಾಯಿತು. ದೇಶದ ಕುಶಲಕಲೆ, ಪರಂಪರೆ ತೋರಿಸುವ ಪ್ರವಾಸವಂತೆ. ಬೆಳಗ್ಗೆ ಮರ ಕೆತ್ತುವವರ ಊರು, ಆಮೇಲೆ ಹಳೆಯ ಕಲ್ಲಿನ ಬಾಗಿಲು, ಮಧ್ಯಾಹ್ನಕ್ಕೆ ನಾರುಬಟ್ಟೆ ಮತ್ತು ಊಟ. ರಾಜಧಾನಿಯ ಮೋಸೆಸೆ ಎಂಬ ಚುರುಕು ಹುಡುಗ ಅದರ ಮಾರ್ಗದರ್ಶಿ. ಮೊದಲ ಸಲ ಅವನು ಜನರನ್ನು ಕರೆತಂದಾಗ ಊರಿನಲ್ಲಿ ಒಬ್ಬ ಮುದುಕ ತೀರಿಕೊಂಡು ಕೊಡತಿ ನಿಂತಿತ್ತು. ಬಂದವರು ಖಾಲಿ ದಿಮ್ಮಿಗಳ ಫೋಟೋ ತೆಗೆದುಕೊಂಡು ಬಸ್ಸು ಹತ್ತಿದರು. ಆಮೇಲೆ ತಿಂಗಳುಗಟ್ಟಲೆ ಬಸ್ಸು ಹೌಮಾತಾದಲ್ಲಿ ನಿಲ್ಲದೆ ಧೂಳೆಬ್ಬಿಸಿಕೊಂಡು ಮುಂದಿನ ಊರಿಗೆ ಹೋಗುತ್ತಿತ್ತು. ಲೂಪೆ ಚಾವಡಿಯ ಬಾಗಿಲಲ್ಲಿ ನಿಂತು ಆ ಧೂಳನ್ನೇ ನೋಡುವಳು. ಕೊನೆಗೆ ತಾನೇ ರಾಜಧಾನಿಗೆ ಹೋಗಿ ಮೋಸೆಸೆಯನ್ನು ಹಿಡಿದು, ಇನ್ನೊಂದು ಸಲ ಬರುವಂತೆ ಒಪ್ಪಿಸಿ ಬಂದಳು.

ಲಿಸಿಯಾಟೆಗೆ ಇದರಿಂದ ಮೈ ಉರಿಯಿತು. ಆದರೆ ಅಕ್ಕನ ಹತ್ತಿರ ನೇರ ವಾದ ಮಾಡುವ ಹಾಗಿಲ್ಲ. ಅವಳ ಕಿಟಕಿಯ ಹೊರಗೆ ನಿಂತು, ಒಳಗಿದ್ದ ಹಿಂಗಾನೊಗೆ ಕೇಳುವ ಹಾಗೆ ಕೂಗಿದ: "ಏಯ್, ನಿಮ್ಮತ್ತೆಗೆ ಹೇಳು, ನಾವೇನು ತೊಟ್ಟಿಯಲ್ಲಿ ಸಾಕಿದ ಆಮೆಗಳಾ, ಕಂಡಕಂಡವರು ಬಂದು ನೋಡೋಕೆ?"

ಒಳಗಿನಿಂದ ಲೂಪೆಯ ದನಿ ಬಂತು, ಅದೂ ಹುಡುಗಿಗೇ: "ನಿಮ್ಮಪ್ಪನಿಗೆ ಹೇಳು, ಆಮೆ ಅಷ್ಟು ಗಲಾಟೆ ಮಾಡಲ್ಲ."

ಹಿಂಗಾನೊ ಕಿಟಕಿಯಲ್ಲಿ ಮುಖ ಹಾಕಿ, "ಅಪ್ಪಾ, ಅತ್ತೆ ಹೇಳ್ತಾಳೆ..." ಎಂದಳು.

"ಕೇಳಿಸ್ತು ಬಿಡೇ! ನಮ್ಮ ಹುಡುಗೀರೇ ಚಾವಡಿಗೆ ಬರಲ್ಲ, ಹೊರಗಿನವರಿಗೆ ಯಾಕಂತೆ ಇದು, ಕೇಳು."

ಒಳಗಿನಿಂದ ಲೂಪೆ ಎಂದಳು: "ಅದಕ್ಕೇ ಕಣೇ ಅಂತ ಹೇಳು. ಅಷ್ಟು ದೂರದಿಂದ ಬಂದು ನೋಡೋರಿದ್ರೆ ನಮ್ಮ ಹುಡುಗೀರೂ ಒಂದ್ಸಲ ತಿರುಗಿ ನೋಡ್ತಾರೆ. ನಾನು ಹೋದ್ಮೇಲೆ ಚಾವಡೀಲಿ ಕೋಳಿ ಕೂರಬಾರದು. ಮತ್ತೆ ನಿಮ್ಮಪ್ಪ ಬಂದು ತೆಂಗಿನಕಾಯಿ ಸುಲಿದು ತೋರಿಸ್ಲಿ. ಅವನ ಮುಖ ನೋಡಿದ್ರೆ ಜನಕ್ಕೆ ನಗು ಬರತ್ತೆ."

ಅಕ್ಕ ಹೇಳಿದ ಮೇಲೆ ಮುಗಿಯಿತು. ಲಿಸಿಯಾಟೆ ಆ ವಾರವೇ ಕಾಯಿ ಸುಲಿಯುವ ಹೊಸ ಗೂಟ ಕೆತ್ತಿದ.

ಬಸ್ಸಿನ ದಿನ ಗೊತ್ತಾಯಿತು. ಅದರ ಜೊತೆಗೇ ಲೂಪೆ ಹಾಸಿಗೆ ಹಿಡಿದಳು. ಸಕ್ಕರೆ ಕಾಯಿಲೆ ಹಳೆಯದು, ಕಾಲಿನ ಹುಣ್ಣು ಹಳೆಯದು. ಈಗ ಉಸಿರಿಗೆ ಬಂದು ಕೂತಿತು. ತೊವಾಕಾಸೆ ಮತ್ತು ಹಿಂಗಾನೊ ಸರದಿಯ ಮೇಲೆ ಅವಳ ಪಕ್ಕದಲ್ಲಿದ್ದರು. ಲಿಸಿಯಾಟೆ ಒಳಗೆ ಹೋಗುವ ಹಾಗಿಲ್ಲ. ದಿನಾ ಬೆಳಗ್ಗೆ ಕಿಟಕಿಯ ಕೆಳಗೆ ಬಂದು ಕೆಮ್ಮುತ್ತಿದ್ದ. ಒಳಗಿನಿಂದ ಲೂಪೆಯೂ ಒಮ್ಮೆ ಕೆಮ್ಮುತ್ತಿದ್ದಳು. ಅಷ್ಟೇ ಅವರ ಮಾತುಕತೆ. ಕೆಮ್ಮು ಕೇಳಿದರೆ ಹೊಲಕ್ಕೆ ಹೋಗುತ್ತಿದ್ದ.

ಬಸ್ಸು ಬರುವ ದಿನ ಬೆಳಗ್ಗೆ ಕೆಮ್ಮಿದ. ಉತ್ತರ ಬರಲಿಲ್ಲ. ಮತ್ತೆ ಕೆಮ್ಮಿದ. ಬಾಗಿಲು ತೆರೆದು ತೊವಾಕಾಸೆ ಬಂದಳು, ತೋಳಿನಲ್ಲಿ ಹಾರಗಳ ಬುಟ್ಟಿ.

"ಏನು ಬೆಳಗಾನೇ ಹಂದಿ ಹಾಗೆ ಗೊರಗೊರ? ಮಲಗಿದಾಳೆ."

"ರಾತ್ರಿ ಹೇಗಿದ್ಲು?"

"ನೆಮ್ಮದಿಯಾಗಿ ಮಲಗಿದ್ಲು. ಎಬ್ಬಿಸಬೇಡ. ಬಾ ಇಲ್ಲಿ, ಕೊರಳು ಕೊಡು."

ಹಾರ ಹಾಕಿದಳು, ಜಗ್ಗಿ ಸರಿಮಾಡಿದಳು, ಮದುವೆ ಗಂಡಿನ ಆ ಮಾತನ್ನೂ ಹೇಳಿದಳು. ಆದರೂ ಲಿಸಿಯಾಟೆ ಕಿಟಕಿ ಬಿಟ್ಟು ಕದಲಲಿಲ್ಲ. ಒಳಗಿನ ನಿಶ್ಶಬ್ದ ಅವನಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಚಾವಡಿಯಿಂದ ಕೊಡತಿ ಎದ್ದಿತು. ಒಂದು, ಅದರ ಹಿಂದೆ ಇನ್ನೊಂದು, ಆಮೇಲೆ ಎಲ್ಲವೂ. ಅವನ ಎದೆ ಹಗುರಾಯಿತು. ಕೊಡತಿ ಬೀಳುತ್ತಿದೆ, ಅಂದರೆ ಅಕ್ಕ ಇದ್ದಾಳೆ. ಆ ಊರಿನಲ್ಲಿ ಹುಟ್ಟಿದ ಯಾರೇ ಆದರೂ ಹಾಗೇ ತಿಳಿಯುತ್ತಿದ್ದರು. ಹಾರದ ಹೂವನ್ನು ಮೂಸಿ ನೋಡಿಕೊಂಡು ರಸ್ತೆಗೆ ಹೊರಟ.

ಆ ದಿನ ಅವನಷ್ಟು ಜನರನ್ನು ನಗಿಸಿದವರಿಲ್ಲ. ಗೂಟಕ್ಕೆ ಕಾಯಿ ಕುಕ್ಕಿ ಸಿಪ್ಪೆ ಹಾರಿಸಿ, ಬರಿಯ ಚಿಪ್ಪನ್ನು ಎತ್ತಿ ಹಿಡಿದು, "ಇದು ನಮ್ಮ ಪಾದ್ರಿಯ ತಲೆ! ಒಡೆದು ನೋಡಿ, ಒಳಗೆ ಬರೀ ನೀರು!" ಎಂದ. ಮೋಸೆಸೆ ಅದನ್ನು ಬಂದವರ ಭಾಷೆಗೆ ತಿರುಗಿಸಿದ. ಜನ ಬಿದ್ದು ಬಿದ್ದು ನಕ್ಕರು. ಪಾದ್ರಿ ನಗಲಿಲ್ಲ. ಸುಮ್ಮನೆ ನೆಲ ನೋಡುತ್ತಿದ್ದ. ಮೈಕಿನ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡ ಲಿಸಿಯಾಟೆ. ಬೆಳ್ಳಿಕೂದಲಿನ ಒಬ್ಬ ಪ್ರವಾಸಿ ಹೆಂಗಸು ಅವನ ಕೈ ಹಿಡಿದೆಳೆದಳು, ಅವಳ ಜೊತೆ ಕುಣಿದ. ಕುಂಡೆ ಅಲ್ಲಾಡಿಸಿದ. ನಾಲಗೆ ಚಾಚಿದ. ಊರಿನವರು ಹೆಚ್ಚು ನಗುತ್ತಿಲ್ಲ ಎಂಬುದು ಅವನಿಗೆ ಕಾಣದೇ ಇರಲಿಲ್ಲ. ಹೊಸಬರ ಎದುರು ಸಂಕೋಚ ಇರಬೇಕು ಎಂದು ಇನ್ನಷ್ಟು ಜೋರಾಗಿ ಕುಣಿದ.

ಬಂದವರ ಜೊತೆ ಚಾವಡಿಗೂ ಹೋದ. ಹೆಂಗಸರು ಸಾಲಾಗಿ ಕೂತು ಬಡಿಯುತ್ತಿದ್ದರು, ತಲೆ ಎತ್ತದೆ. ಹಿಂಗಾನೊಳ ಕಣ್ಣು ಕೆಂಪಾಗಿತ್ತು.

"ಏನೇ, ಅಳ್ತಿದೀಯಾ?"

"ಇಲ್ಲಪ್ಪ. ಒಲೆ ಹೊಗೆ."

"ಹೊಗೆ ಕಡೆ ಮುಖ ಮಾಡ್ಕೊಂಡು ಯಾಕೆ ಕೂತೆ, ಪೆದ್ದಿ" ಎಂದು ಅವಳ ತಲೆ ಸವರಿದ. ಆ ದಿನ ಗಾಳಿ ಸಮುದ್ರದ ಕಡೆಗಿತ್ತು. ನೆಲದೊಲೆಯ ಹೊಗೆಯೆಲ್ಲ ನೀರಿನ ಮೇಲೆ ಹೋಗುತ್ತಿತ್ತು. ಅದು ಅವನಿಗೆ ಹೊಳೆದದ್ದು ಆಮೇಲೆ, ಬಹಳ ಆಮೇಲೆ.

ಊಟವಾಯಿತು. ಬಸ್ಸು ಹತ್ತಿದವರು ಕಿಟಕಿಯಿಂದ ಕೈಬೀಸಿದರು. ಲಿಸಿಯಾಟೆ ಬಸ್ಸಿನ ಪಕ್ಕದಲ್ಲಿ ಕೋತಿಯ ಹಾಗೆ ಹಾರುತ್ತ ಅಷ್ಟು ದೂರ ಓಡಿದ. ಬಸ್ಸು ಇಗರ್ಜಿಯ ತಿರುವಿನಲ್ಲಿ ಮರೆಯಾಯಿತು. ಆಗ ಹಿಂದಿನಿಂದ ಕೊಡತಿಗಳೆಲ್ಲ ಒಟ್ಟಿಗೇ ನಿಂತವು.

ಹೆಂಗಸರ ಕೊಡತಿ ಒಟ್ಟಿಗೆ ನಿಲ್ಲುವಂಥದ್ದಲ್ಲ. ಒಬ್ಬಳು ನಾರು ಮಡಿಸಲು ನಿಲ್ಲಿಸುತ್ತಾಳೆ, ಇನ್ನೊಬ್ಬಳು ಬಡಿಯುತ್ತಿರುತ್ತಾಳೆ. ಒಬ್ಬಳು ಮೂಗು ಒರೆಸಿಕೊಳ್ಳುತ್ತಾಳೆ, ಮತ್ತೊಬ್ಬಳದು ನಡೆದೇ ಇರುತ್ತದೆ. ಕತ್ತಿಯಿಂದ ಕತ್ತರಿಸಿದ ಹಾಗೆ ನಿಲ್ಲುವುದು ಒಂದೇ ಕಾರಣಕ್ಕೆ. ಲಿಸಿಯಾಟೆ ರಸ್ತೆಯ ನಡುವೆ ತಿರುಗಿ ನಿಂತ. ಮುಖದ ಮೇಲೆ ನಗು ಹಾಗೇ ಇತ್ತು, ತೆಗೆಯಲು ಮರೆತ ಹಾಗೆ. ಇಗರ್ಜಿಯ ಗಂಟೆ ಹೊಡೆಯಿತು. ಚಾವಡಿಯಿಂದ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದರು. ಎಲ್ಲರೂ ಸಾವಿನ ಮನೆಗೆ ಉಡುವ ಕಪ್ಪು ಉಟ್ಟಿದ್ದರು. ಬಣ್ಣದ ಬಟ್ಟೆಯ ಒಳಗೇ ಕಪ್ಪು ಉಟ್ಟು, ಬೆಳಗಿನಿಂದ ಕೂತಿದ್ದರು!

ಓಡಿದ. ಅಕ್ಕನ ಮನೆಯ ಬಾಗಿಲವರೆಗೆ ಓಡಿ, ಹೊಸ್ತಿಲಿನಲ್ಲಿ ಗೂಟ ಹೊಡೆದ ಹಾಗೆ ನಿಂತುಬಿಟ್ಟ. ಒಳಗೆ ಹೋಗುವ ಹಾಗಿಲ್ಲ. ಅಕ್ಕ ಸತ್ತರೂ ಅಕ್ಕನೇ. ನಾರುಬಟ್ಟೆಯ ಅಂಚು ಕಂಡಿತು, ಅದರಾಚೆ ಏನೂ ಕಾಣಲಿಲ್ಲ. ಕೊರಳ ಹಾರ ಕಿತ್ತೆಸೆದ. ಬೆವರಿಗೆ ಹೂವಿನ ವಾಸನೆ ಮೈಗಂಟಿಕೊಂಡಿತ್ತು. ಮರಳು ತೆಗೆದು ಕೊರಳು ಉಜ್ಜಿಕೊಂಡ, ಚರ್ಮ ಕೆಂಪಾಗುವವರೆಗೆ ಉಜ್ಜಿಕೊಂಡ.

ಈಗ ಚಾವಡಿ ಒಡೆಯುತ್ತಾನೆ ಎಂದು ಊರೆಲ್ಲ ಕಾದಿತು. ಗಂಡಸರು ಕೊಡಲಿಗಳನ್ನೆಲ್ಲ ಬಚ್ಚಿಟ್ಟಿದ್ದರಂತೆ. ಅವನು ಒಡೆಯಲಿಲ್ಲ. ಮನೆಗೆ ಹೋಗಿ, ಹರಿದ ದೊಡ್ಡ ಚಾಪೆ ಸುತ್ತಿಕೊಂಡು, ತಲೆ ಬೋಳಿಸಿಕೊಂಡು ನೆಲದೊಲೆಯ ಪಕ್ಕ ಕೂತ. ಅಕ್ಕನ ಸಾವಿನಲ್ಲಿ ತಮ್ಮನ ಜಾಗ ಅದೇ, ಎಲ್ಲರಿಗಿಂತ ಕೆಳಗೆ, ಬೂದಿಯ ಹತ್ತಿರ. ಬಂದವರಿಗೆಲ್ಲ ಹಂದಿ ಸುಟ್ಟ, ಗೆಣಸು ಬೇಯಿಸಿದ. ಹಾಡಿನ ನಡುವೆ ಅವನ ದನಿಗಾಗಿ ಜನ ಕಿವಿಗೊಟ್ಟರು. ಇಡೀ ಊರಿಗೆ ಕೇಳುವ ಆ ದನಿ ಏಳಲೇ ಇಲ್ಲ.

ಮಣ್ಣು ಮಾಡಿದ ಮೇಲೆ ಒಂದು ಮಧ್ಯಾಹ್ನ ಚಾವಡಿಯ ಹೆಂಗಸರೆಲ್ಲ ಕೊರಳಿಗೆ ಹಸಿ ಎಲೆ ಕಟ್ಟಿಕೊಂಡು ಬಂದು ಅವನ ಅಂಗಳದಲ್ಲಿ ತಲೆತಗ್ಗಿಸಿ ಕೂತರು. ಮುಂದೆ ತೊವಾಕಾಸೆ, ಕೊನೆಯಲ್ಲಿ ಹಿಂಗಾನೊ. ಪಕ್ಕದಲ್ಲಿ ಅರೆದು ಕುಡಿಯುವ ಕಾವಾ ಗಿಡದ ಬೇರು, ಕಟ್ಟಿದ ಹಂದಿ. ತಪ್ಪು ಮಾಡಿದವರು ಹೀಗೆ ಬಂದು ಕೂರುತ್ತಾರೆ. ನೋವು ಉಂಡವನು 'ಏಳಿ' ಎನ್ನುವವರೆಗೆ ಏಳುವುದಿಲ್ಲ. ಲಿಸಿಯಾಟೆ ಜಗಲಿಯ ಮೇಲೆ ಕೂತು ಬಹಳ ಹೊತ್ತು ಅವರನ್ನು ನೋಡಿದ.

"ಹಂದಿ ವಾಪಸ್ ಒಯ್ಯಿರಿ" ಎಂದ ಕೊನೆಗೆ. "ನನ್ನ ಅಕ್ಕನಿಗಿಂತ ಬಸ್ಸು ದೊಡ್ಡದಾಯ್ತಾ ನಿಮಗೆ?"

ತೊವಾಕಾಸೆ ತಲೆ ಎತ್ತದೆ ಹೇಳಿದಳು: "ಲೂಪೆನೇ ಹೇಳಿದ್ದು. ನಾನು ಇವತ್ತು ಹೋದ್ರೂ ನಾಳೆ ಕೊಡತಿ ನಿಲ್ಲಿಸಬೇಡಿ, ಈ ಸಲಾನೂ ಬಸ್ಸು ಸುಮ್ಮನೆ ವಾಪಸ್ ಹೋದ್ರೆ ಮತ್ತೆ ಬರಲ್ಲ ಅಂದ್ಲು."

"ಸತ್ತವಳ ಬಾಯಿಗೆ ಮಾತು ತುರುಕಬೇಡ, ಮುದುಕಿ!"

"ನಾನ್ಯಾಕೆ ತುರುಕ್ಲಿ? ನಿನ್ನ ಮಗಳು ಅಲ್ಲೇ ಇದ್ಲು, ಕೇಳು."

ಲಿಸಿಯಾಟೆ ಮಗಳನ್ನು ನೋಡಿದ. ಹಿಂಗಾನೊ ಬಿಕ್ಕುತ್ತಲೇ ತಲೆಯಾಡಿಸಿದಳು. "ಹೌದಪ್ಪ. ಅತ್ತೆ ಹೇಳಿದ್ದು ನಿಜ. ಎರಡು ಸಲ ಹೇಳಿದ್ಲು."

ಅವನ ದನಿ ಇಳಿಯಿತು. "ನನಗೆ ಹೇಳಬೇಡಿ ಅಂತಾನೂ ಹೇಳಿದ್ಲಾ?"

ಹೆಂಗಸರ ತಲೆಗಳು ಇನ್ನಷ್ಟು ತಗ್ಗಿದವು.

"ಕೇಳ್ತಿದೀನಿ. ನನ್ನ ತಮ್ಮನಿಗೆ ಹೇಳಬೇಡಿ, ಅವನು ಹಾರ ಹಾಕ್ಕೊಂಡು ಕುಣೀಲಿ ಅಂದ್ಲಾ ನನ್ನಕ್ಕ?"

"ಇಲ್ಲ" ಎಂದಳು ತೊವಾಕಾಸೆ. "ಅದು ನಾನು. ನಿನ್ನ ಸಿಟ್ಟು ನಮಗೆ ಗೊತ್ತಿಲ್ವೇನೋ? ಬಸ್ಸಿಗೆ ಕಲ್ಲು ಹೊಡೀತಿದ್ದೆ. ಚಾವಡಿ ಕೆಡವ್ತಿದ್ದೆ. ಅವಳ ಕೊನೆ ಆಸೆ ಮಣ್ಣುಪಾಲಾಗ್ತಿತ್ತು."

"ಅಕ್ಕನ ಮಾತು ಅಂದ್ಮೇಲೆ ನಾನು ಯಾವತ್ತು ಕಲ್ಲೆತ್ತಿದೀನಿ?"

ಊರಿಗೆಲ್ಲ ಗೊತ್ತಿದ್ದ ಸತ್ಯ ಅದು. ಆ ಬೆಳಗ್ಗೆ ಒಬ್ಬರಿಗೂ ನೆನಪಾಗಿರಲಿಲ್ಲ.

"ಹೇಳಿದ್ರೆ ಸಾಕಿತ್ತು" ಎಂದ ಲಿಸಿಯಾಟೆ. "ನಿಮ್ಮಕ್ಕ ಹೋದಳು, ಹೀಗೆ ಹೇಳಿ ಹೋದಳು ಅಂತ. ಹೊಲದ ಆ ತುದಿಗೆ ಹೋಗಿ ಕೂರ್ತಿದ್ದೆ. ಬಾಯಿಗೆ ಬಟ್ಟೆ ತುರುಕ್ಕೊಂಡು ಅಳ್ತಿದ್ದೆ. ಇಲ್ಲ, ಕುಣಿ ಅಂದಿದ್ದಿದ್ರೆ ಗೊತ್ತಿದ್ದೂ ಕುಣೀತಿದ್ದೆ, ಅವಳಿಗೋಸ್ಕರ. ನೀವು ನನ್ನನ್ನ ಕೋತಿ ಮಾಡಿದ್ರಿ."

ಮಳೆ ಹನಿಯತೊಡಗಿತು. ಯಾರೂ ಏಳಲಿಲ್ಲ. ಎಲೆಗಳ ಮೇಲೆ ನೀರು ಇಳಿಯುತ್ತಿತ್ತು. ಕೊನೆಗೆ ಅವನೇ ಎಂದ: "ಬೆಳಗಿನಿಂದ ಬಸ್ಸು ಹೊರಡೋವರೆಗೆ ಊರು ಸುಮ್ಮನಿರಬೇಕಿತ್ತು ಅವಳಿಗೆ. ಆ ಅರ್ಧ ದಿನ ವಾಪಸ್ ಕೊಡಿ. ಹತ್ತನೇ ದಿನ ಕಳೆದ್ಮೇಲೆ ಅರ್ಧ ದಿನ ಹೆಚ್ಚಿಗೆ ಕೊಡತಿ ಏಳಬಾರದು. ಅವತ್ತು ನಾನು ಅವಳ ಕಿಟಕಿ ಕೆಳಗೆ ಕೂರ್ತೀನಿ. ಬೇರೇನೂ ಬೇಡ."

"ಕೊಡ್ತೀವಿ" ಎಂದಳು ತೊವಾಕಾಸೆ.

"ಏಳಿ, ನೆನೀಬೇಡಿ." ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಅವರೂ ಕೇಳಲಿಲ್ಲ.

ಹತ್ತನೆಯ ದಿನ ಕಳೆಯಿತು. ಮರುದಿನ ಬೆಳಗ್ಗೆ ಕಿಟಕಿಯ ಕೆಳಗೆ ಹೋಗಿ ಕೂತ. ಊರು ಸುಮ್ಮನಿತ್ತು. ಬಿಸಿಲು ಏರುವ ಮೊದಲೇ ಇಗರ್ಜಿಯ ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿತು. ಹಿಂದಿನ ಬಸ್ಸಿನವರು ಮೆಚ್ಚಿಕೊಂಡು ಹೋಗಿದ್ದರು. ಸಾವಿನ ಸುದ್ದಿ ಆಮೇಲೆ ತಿಳಿದ ಮೋಸೆಸೆ, ದುಃಖ ಕಳೆಯುವ ದಿನವನ್ನು ಲೆಕ್ಕಹಾಕಿಕೊಂಡು ಹೊಸ ಗುಂಪನ್ನು ತಂದಿದ್ದ. ಸ್ವಲ್ಪ ಹೊತ್ತಿಗೆ ಚಾವಡಿಯಿಂದ ಕೊಡತಿ ಎದ್ದಿತು. ಲಿಸಿಯಾಟೆ ಎದ್ದು ಮೈಯ ಮಣ್ಣು ಕೊಡವಿಕೊಂಡು ಹೊಲಕ್ಕೆ ಹೋದ. ಸಂಜೆ ತೊವಾಕಾಸೆ ಬೇಲಿಯ ಹತ್ತಿರ ಬಂದು, "ಮುಂದಿನ ವಾರ ಖಂಡಿತ" ಎಂದಳು. ಮುಂದಿನ ವಾರ ಮದುವೆಯ ಬಟ್ಟೆಗೆ ಅವಸರವಿತ್ತು. ಅದರ ಮುಂದಿನ ವಾರ ಮತ್ತೆ ಬಸ್ಸು.

ತೊವಾಕಾಸೆಯ ಕಣ್ಣಿಗೆ ಪೊರೆ ಬಂದು, ಮಗ ಅವಳನ್ನು ಆಕ್ಲೆಂಡಿಗೆ ಕರೆಸಿಕೊಂಡ. ಹೊರಡುವ ದಿನ ಬೇಲಿಯ ಆಚೆ ನಿಂತು ಕೂಗಿದಳು: "ಲಿಸಿಯಾಟೆ, ಆ ಅರ್ಧ ದಿನ ನನ್ನ ತಲೆ ಮೇಲೇ ಇದೆ ಕಣೋ."

"ಹೊತ್ಕೊಂಡು ಹೋಗು" ಎಂದ ಅವನು, ಒಳಗಿನಿಂದಲೇ. ಅವಳು ತಿರುಗಿ ಬರಲಿಲ್ಲ.

ಈಗ ಚಾವಡಿಗೆ ಹಿಂಗಾನೊ ಯಜಮಾನಿ. ಅಕ್ಕ ಹೇಳಿದ್ದ ಹಾಗೇ ಆಯಿತು, ಶಾಲೆ ಮುಗಿಸಿದ ಹುಡುಗಿಯರು ಬಂದು ಕೂರುತ್ತಿದ್ದಾರೆ. ದಿಮ್ಮಿಗಳು ಸಾಲದೆ ಲಿಸಿಯಾಟೆಯೇ ಹೊಸವನ್ನು ಕಡಿದುಕೊಟ್ಟ. ಒಂದು ಸಂಜೆ ಮಗಳು ಊಟ ತಂದಿಟ್ಟು, ಹೋಗದೆ ನಿಂತಳು.

"ಅಪ್ಪಾ, ನಾಳೆ ಬಸ್ಸಿಲ್ಲ. ಎಲ್ಲರಿಗೂ ಹೇಳಿದೀನಿ. ಮಧ್ಯಾಹ್ನದವರೆಗೆ ಯಾರೂ ಕೊಡತಿ ಮುಟ್ಟಲ್ಲ."

ಲಿಸಿಯಾಟೆ ತುತ್ತು ಕೆಳಗಿಟ್ಟ. ಎಷ್ಟೋ ದಿನದಿಂದ ಕೇಳುತ್ತಿದ್ದದ್ದು ಎದುರಿಗೆ ಬಂದು ನಿಂತಿತ್ತು. ಕೈಚಾಚಿದರೆ ಆಗಿತ್ತು.

"ನಿಮ್ಮತ್ತೆ ಏನು ಹೇಳಿದ್ಲು, ಇನ್ನೊಂದ್ಸಲ ಹೇಳು."

"ನಿಲ್ಲಿಸಬೇಡಿ ಅಂದ್ಲು."

"ಮತ್ತೆ?"

ಹಿಂಗಾನೊ ಅವನ ಲೋಟಕ್ಕೆ ನೀರು ಬಗ್ಗಿಸಿದಳು.

"ಅವಳ ಮಾತು ಮೀರಿ ನಾನು ಯಾವತ್ತೂ ಏನೂ ತಗೊಂಡಿಲ್ಲ, ಮಗಳೇ. ಬಡೀರಿ" ಎಂದ.

ಮರುದಿನ ಬೆಳಗ್ಗೆ ಎಂದಿನಂತೆ ಕೊಡತಿ ಎದ್ದಿತು. ಅವನು ಗೆಣಸಿನ ಪಾತಿಯಲ್ಲಿ ಕೂತು ಕೇಳಿದ. ಕೊಡಲು ಒಪ್ಪಿದವಳು ಸಮುದ್ರದಾಚೆ ಇದ್ದಾಳೆ, ಕೊಡಲು ಬಂದವಳನ್ನು ಅವನೇ ತಿರುಗಿಸಿ ಕಳಿಸಿದ. ಲೂಪೆಗೆ ಸಲ್ಲಬೇಕಾದ ಅರ್ಧ ದಿನದ ಮೌನ ಹೌಮಾತಾದ ಮೇಲೆ ಇವತ್ತಿಗೂ ಬಾಕಿ ಇದೆ.